ಸೂಚಕ ದೀಪ: ಮನೆಯಲ್ಲೇ ಕಟ್ಟಿದ ಯಂತ್ರಗಳಲ್ಲಿ

ಯಂತ್ರ ಈಗ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ನೋಡಿದ ಕೂಡಲೇ ತಿಳಿಸುವ ಸಣ್ಣ ದೀಪಕ್ಕೆ ಸೂಚಕ ದೀಪವೆಂದು ಹೆಸರು. ಚಿತ್ರದುರ್ಗ ಜಿಲ್ಲೆಯಲ್ಲಿ ಇದರ ಅತಿ ಪರಿಚಿತ ರೂಪ ಇರುವುದು ಕೊಳವೆಬಾವಿಯ ಸ್ಟಾರ್ಟರ್ ಪೆಟ್ಟಿಗೆಯ ಮೇಲೆ. ಹಿರಿಯೂರಿನ ದಾಳಿಂಬೆ ತೋಟಕ್ಕೆ ಹೋಗಿ, ಹೊಸದುರ್ಗದ ತೆಂಗಿನ ತೋಟಕ್ಕೆ ಹೋಗಿ, ಹೊಳಲ್ಕೆರೆಯ ಅಡಿಕೆ ತೋಟಕ್ಕೆ ಹೋಗಿ, ಮೋಟಾರ್ ಮನೆಯ ಗೋಡೆಯ ಮೇಲೋ ಬೋರ್ ಪಕ್ಕದ ಕಲ್ಲು ಕಂಬದ ಮೇಲೋ ತಗಡಿನ ಒಂದು ಡಬ್ಬಿ, ಅದರ ಮುಖದಲ್ಲಿ ಕೆಂಪು, ಹಳದಿ, ನೀಲಿ ಮೂರು ದೀಪಗಳು ಕಾಣುತ್ತವೆ. ಮೂರೂ ಉರಿದರೆ ತ್ರೀ ಫೇಸ್ ಬಂದಿದೆ ಎಂದರ್ಥ. ಒಂದು ಮಂಕಾಗಿದ್ದರೆ ತಿಳಿದ ರೈತ ಸ್ಟಾರ್ಟರ್ ಗುಂಡಿ ಮುಟ್ಟುವುದಿಲ್ಲ. ನೀರಾವರಿ ಪಂಪ್‌ಸೆಟ್‌ಗಳಿಗೆ ದಿನಕ್ಕೆ 7 ಗಂಟೆ ತ್ರೀ ಫೇಸ್ ಕೊಡುವುದು ರಾಜ್ಯದ ನೀತಿ. ಅದು ರಾತ್ರಿ ಪಾಳಿಯಲ್ಲಿ ಬಂದಾಗ ತೋಟದ ಮನೆಯವರ ಕಣ್ಣು ಮೊದಲು ಹುಡುಕುವುದು ಆ ಮೂರು ದೀಪಗಳನ್ನೇ.

ಈಚಿನ ವರ್ಷಗಳಲ್ಲಿ ಇಂಥ ಡಬ್ಬಿಯ ಒಳಗೆ ಇನ್ನೊಂದು ವಸ್ತು ಬಂದು ಸೇರಿದೆ. 5 ವೋಲ್ಟ್ ಇಲ್ಲವೇ 3.3 ವೋಲ್ಟಿನಲ್ಲಿ ಕೆಲಸ ಮಾಡುವ, ಅಂಗೈಗಿಂತ ಚಿಕ್ಕದಾದ ಕಂಟ್ರೋಲರ್ ಬೋರ್ಡ್ ಅದು. ತೊಟ್ಟಿ ತುಂಬಿದೊಡನೆ ಮೋಟಾರ್ ನಿಲ್ಲಿಸುವುದು, ಬೋರಿನಲ್ಲಿ ನೀರು ಇಳಿದರೆ ಪಂಪ್ ಬಂದ್ ಮಾಡುವುದು, ಡ್ರಿಪ್ಪಿನ ವಾಲ್ವುಗಳನ್ನು ಸರದಿಯಂತೆ ತೆರೆಯುವುದು, ಕೋಳಿಮೊಟ್ಟೆ ಮರಿ ಮಾಡಿಸುವ ಪೆಟ್ಟಿಗೆಯ ಶಾಖ ಕಾಯುವುದು, ಇವೆಲ್ಲ ಇಂದು ಕೈಯಲ್ಲೇ ಕಟ್ಟಿಕೊಳ್ಳಬಹುದಾದ ಯಂತ್ರಗಳು. ಐಟಿಐ, ಡಿಪ್ಲೊಮಾ ಓದಿದ ಹುಡುಗರು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಸಾಮಾನು ತಂದು ಇವನ್ನು ಜೋಡಿಸುತ್ತಾರೆ. ಪ್ರೋಗ್ರಾಂ ಬರೆಯುವುದರಲ್ಲಿ ಅವರು ಸೋಲುವುದು ಕಡಿಮೆ. ತೊಡಕು ಎದುರಾಗುವುದು ಬೋರ್ಡಿನ 5 ವೋಲ್ಟಿನ ಪಿನ್ನಿಗೂ ಡಬ್ಬಿಯ ಮುಖದ ಮೇಲಿನ 12, 24 ಅಥವಾ 230 ವೋಲ್ಟಿನ ದೀಪಕ್ಕೂ ನಡುವೆ ಏನಿರಬೇಕು ಎಂಬಲ್ಲಿ.

ಮೊದಲು ದೀಪದ ವಿಚಾರ. ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದ ಕಾಲದಲ್ಲಿ ಫಲಕದ ದೀಪವೆಂದರೆ ತಂತಿ ಕಾಯ್ದು ಬೆಳಗುವ ಬಲ್ಬು ಮಾತ್ರ. ಮುಂದೆ ನಿಯಾನ್ ದೀಪ ಬಂತು. ಕಿತ್ತಳೆ ಬಣ್ಣದಲ್ಲಿ ಉರಿಯುವ ಅದು ಒಂದು ಮಿಲಿಆಂಪಿಯರಿಗೂ ಕಡಿಮೆ ಕರೆಂಟಿನಲ್ಲಿ, ಸಾಲಿನಲ್ಲಿ ಒಂದು ರೆಸಿಸ್ಟರ್ ಇಟ್ಟುಕೊಂಡು, 230 ವೋಲ್ಟಿಗೆ ಕೂರುತ್ತದೆ. ಹಳೆಯ ಸ್ವಿಚ್ ಬೋರ್ಡುಗಳಲ್ಲೂ ಟೆಸ್ಟರಿನ ಹಿಡಿಕೆಯಲ್ಲೂ ಇರುವುದು ಇದೇ. 1962ರಲ್ಲಿ ಅಮೆರಿಕದ ನಿಕ್ ಹೊಲೊನ್ಯಾಕ್ ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಎಲ್‌ಇಡಿಯನ್ನು ತೋರಿಸಿದರು. ಪ್ರಖರವಾದ ನೀಲಿ ಎಲ್‌ಇಡಿಗೆ 1990ರ ದಶಕದವರೆಗೆ ಕಾಯಬೇಕಾಯಿತು, ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಾಕಾಮುರಾ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಬಂತು. ನೀಲಿ ಎಲ್‌ಇಡಿ ಬರುವವರೆಗೆ ನೀಲಿ ಫೇಸಿನ ದೀಪ ಎಂದರೆ ನೀಲಿ ಗಾಜಿನ ಹಿಂದೆ ಕೂತ ಸಾಮಾನ್ಯ ಬಲ್ಬು; ಮೂರರಲ್ಲಿ ಅದೇ ಮಂಕು. ಈಗ ಅಂಗಡಿಯಲ್ಲಿ ಸಿಗುವ, 22 ಮಿಲಿಮೀಟರಿನ ತೂತಿಗೆ ಕೂರುವ ಎಲ್‌ಇಡಿ ಇಂಡಿಕೇಟರುಗಳು 12, 24, 230 ವೋಲ್ಟ್ ಮೂರೂ ಬಗೆಯಲ್ಲಿವೆ. ನೋಡಲು ಒಂದೇ ಥರ ಇರುವುದರಿಂದ ಕೊಳ್ಳುವಾಗ ಹಿಂಬದಿಯ ಬರಹ ಓದಲೇಬೇಕು.

ಕಂಟ್ರೋಲರುಗಳಲ್ಲಿ ಕರ್ನಾಟಕದ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಬಹುಕಾಲ ಕಲಿತದ್ದು 1980ರಲ್ಲಿ ಇಂಟೆಲ್ ಹೊರತಂದ 8051 ಅನ್ನು. ಅದರ ಪಿನ್ ಕರೆಂಟನ್ನು ಹೊರಗೆ ತಳ್ಳುವುದರಲ್ಲಿ ತೀರ ದುರ್ಬಲ, ಒಳಗೆ ಎಳೆದುಕೊಳ್ಳುವುದರಲ್ಲಿ ವಾಸಿ. ಆದ್ದರಿಂದ ಎಲ್‌ಇಡಿಯ ಒಂದು ತುದಿಯನ್ನು 5 ವೋಲ್ಟಿಗೆ ಕಟ್ಟಿ ಇನ್ನೊಂದನ್ನು ಪಿನ್ನಿಗೆ ಕೊಡುವ, ಪಿನ್ ಸೊನ್ನೆಯಾದಾಗ ದೀಪ ಹೊತ್ತುವ ತಲೆಕೆಳಗಾದ ಪದ್ಧತಿ ಬೆಳೆಯಿತು. ಹಳೆಯ ಮೇಷ್ಟ್ರುಗಳ ಕೈಬರಹದ ನಕ್ಷೆಗಳಲ್ಲಿ ಇಂದಿಗೂ ಇದೇ ರೂಢಿ. 2005ರಲ್ಲಿ ಇಟಲಿಯಲ್ಲಿ ಹುಟ್ಟಿದ ಆರ್ಡ್ವಿನೊ ಬೋರ್ಡು ಎರಡೂ ದಿಕ್ಕಿಗೆ ಸಮವಾಗಿ ಕೆಲಸ ಮಾಡುವ ಪಿನ್ನುಗಳನ್ನು ತಂದಿತು. ಆರ್ಡ್ವಿನೊ ಊನೊದ ಎಟಿಮೆಗಾ 328ಪಿ ಚಿಪ್ಪಿನಲ್ಲಿ ಒಂದು ಪಿನ್ನಿಗೆ 20 ಮಿಲಿಆಂಪಿಯರ್ ಹಿತ, 40 ಮೀರಿದರೆ ಹಾಳು, ಇಡೀ ಚಿಪ್ಪಿಗೆ ಒಟ್ಟು 200. ವೈಫೈ ಇರುವ ಇಎಸ್‌ಪಿ 8266ರ ಪಿನ್ನಿಗೆ 12 ಮಿಲಿಆಂಪಿಯರೇ ಮಿತಿ, ವೋಲ್ಟೇಜೂ 3.3 ಮಾತ್ರ.

ಬೋರ್ಡಿನ ಪಕ್ಕದಲ್ಲೇ ಇರುವ ಒಂಟಿ ಎಲ್‌ಇಡಿಗೆ ಮಧ್ಯೆ ಒಂದು ರೆಸಿಸ್ಟರ್ ಸಾಕು. 5 ವೋಲ್ಟಿನ ಬೋರ್ಡಿನಲ್ಲಿ ಕೆಂಪು ಎಲ್‌ಇಡಿ ಸುಮಾರು 2 ವೋಲ್ಟನ್ನು ತಾನು ಹಿಡಿದುಕೊಳ್ಳುತ್ತದೆ, ಉಳಿದ 3 ವೋಲ್ಟ್ ರೆಸಿಸ್ಟರಿನ ಪಾಲು. 10 ಮಿಲಿಆಂಪಿಯರ್ ಹರಿಯಬೇಕಾದರೆ 300 ಓಮ್ ಬೇಕು, ಅಂಗಡಿಯಲ್ಲಿ 330 ಓಮ್ ಸಿಗುತ್ತದೆ, ಅದನ್ನೇ ಹಾಕಬಹುದು. ನೀಲಿ ಮತ್ತು ಬಿಳಿ ಎಲ್‌ಇಡಿಗಳಿಗೆ 3 ವೋಲ್ಟ್ ಅಥವಾ ಅದಕ್ಕೂ ತುಸು ಹೆಚ್ಚು ಬೇಕಾಗುವುದರಿಂದ 3.3 ವೋಲ್ಟಿನ ಬೋರ್ಡಿನಲ್ಲಿ ಅವು ಮಂಕಾಗುತ್ತವೆ. ರೆಸಿಸ್ಟರ್ ಬಿಟ್ಟರೂ ದೀಪ ಉರಿಯುತ್ತದೆ. ಉರಿಯುತ್ತದೆ ಎಂಬ ಕಾರಣಕ್ಕೇ ಹೊಸಬರು ಅದನ್ನು ಬಿಡುತ್ತಾರೆ. ಕೆಲ ದಿನ ಕಳೆದ ಮೇಲೆ ಸತ್ತಿರುವುದು ಎಲ್‌ಇಡಿಯೋ ಪಿನ್ನೋ ತಿಳಿಯದೆ ಪರದಾಡುತ್ತಾರೆ.

ಡಬ್ಬಿಯ ಮುಖದ ಮೇಲೆ ಹತ್ತಾರು ಅಡಿ ದೂರಕ್ಕೂ ಕಾಣಬೇಕಾದ 12 ಅಥವಾ 24 ವೋಲ್ಟಿನ ದೀಪಕ್ಕೆ ಟ್ರಾನ್ಸಿಸ್ಟರ್ ಬೇಕು. ಕೆರೆಯ ನೀರಿನ ಭಾರವನ್ನು ನೀರುಗಂಟಿ ಹೊರುವುದಿಲ್ಲ, ತೂಬಿನ ಬಾಗಿಲನ್ನಷ್ಟೇ ಎತ್ತುತ್ತಾನೆ. ಪಿನ್ ಮಾಡಬೇಕಾದದ್ದೂ ಅಷ್ಟೇ. 24 ವೋಲ್ಟಿನಲ್ಲಿ 20 ಮಿಲಿಆಂಪಿಯರ್ ತೆಗೆದುಕೊಳ್ಳುವ ದೀಪಕ್ಕೆ ಎಲ್ಲೆಡೆ ಸಿಗುವ ಬಿಸಿ 547 ಟ್ರಾನ್ಸಿಸ್ಟರ್ ಧಾರಾಳ, ಅದರ ಮಿತಿ 100 ಮಿಲಿಆಂಪಿಯರ್. ದೀಪದ ಪಾಸಿಟಿವ್ ನೇರವಾಗಿ 24 ವೋಲ್ಟಿಗೆ, ನೆಗೆಟಿವ್ ಟ್ರಾನ್ಸಿಸ್ಟರಿನ ಕಲೆಕ್ಟರಿಗೆ, ಎಮಿಟರ್ ನೆಗೆಟಿವಿಗೆ, ಪಿನ್ನಿನಿಂದ ಬೇಸಿಗೆ 2.2 ಕಿಲೋಓಮ್. ಆಗ ಪಿನ್ನಿನಿಂದ ಹೋಗುವುದು ಸುಮಾರು 2 ಮಿಲಿಆಂಪಿಯರ್ ಮಾತ್ರ. ಇಲ್ಲಿ ಹೆಚ್ಚಾಗಿ ಆಗುವ ಎಡವಟ್ಟು ಒಂದೇ: ಬೋರ್ಡಿಗೆ ಮೊಬೈಲ್ ಚಾರ್ಜರಿನಿಂದ 5 ವೋಲ್ಟ್, ದೀಪಕ್ಕೆ ಬೇರೆ ಅಡಾಪ್ಟರಿನಿಂದ 24 ವೋಲ್ಟ್ ಕೊಟ್ಟು, ಎರಡರ ನೆಗೆಟಿವ್ ತಂತಿಗಳನ್ನು ಸೇರಿಸದೆ ಬಿಡುವುದು. ಆಗ ಪ್ರೋಗ್ರಾಮನ್ನು ಎಷ್ಟು ತಿದ್ದಿದರೂ ದೀಪ ಹೊತ್ತುವುದಿಲ್ಲ.

ಮೂರು ನಾಲ್ಕು ದೀಪಗಳಿದ್ದರೆ ಬಿಡಿ ಟ್ರಾನ್ಸಿಸ್ಟರುಗಳ ಬದಲು ಯುಎಲ್‌ಎನ್ 2003 ಎಂಬ ಚಿಪ್ ಒಳ್ಳೆಯದು. ಏಳು ಜೋಡಿ ಟ್ರಾನ್ಸಿಸ್ಟರುಗಳು, ಬೇಸಿನ ರೆಸಿಸ್ಟರುಗಳು, ರಿಲೇಗೆ ಬೇಕಾದ ಡಯೋಡುಗಳು ಎಲ್ಲವೂ ಅದರೊಳಗೇ ಇವೆ. ಒಂದೊಂದು ದಾರಿಯೂ 50 ವೋಲ್ಟಿನವರೆಗೆ 500 ಮಿಲಿಆಂಪಿಯರ್ ತಾಳುತ್ತದೆ. ಹಳ್ಳಿಯ ಯಂತ್ರಕ್ಕೆ ಇದಕ್ಕಿಂತ ತಾಳಿಕೆಯ, ಅಗ್ಗದ ಪರಿಹಾರ ಮತ್ತೊಂದಿಲ್ಲ. ಹತ್ತಾರು ದೀಪಗಳಾದಾಗ 74ಎಚ್‌ಸಿ595 ಎಂಬ ಶಿಫ್ಟ್ ರಿಜಿಸ್ಟರ್ ಮೂರೇ ಪಿನ್ನುಗಳಿಂದ ಎಂಟು ದೀಪಗಳನ್ನು ಆಳುತ್ತದೆ. ಅದರ ಹಿಂದೆಯೂ ಯುಎಲ್‌ಎನ್ ಚಿಪ್ ಇರಲಿ.

ಸ್ಕೂಟರಿನ 12 ವೋಲ್ಟ್ ಬಲ್ಬನ್ನೇ ಸೂಚಕವಾಗಿ ಬಳಸುವವರೂ ಉಂಟು. ತಂತಿ ಬಲ್ಬು ತಣ್ಣಗಿರುವಾಗ ಅದರ ರೋಧ ಬಹಳ ಕಡಿಮೆ. ಹೊತ್ತುವ ಮೊದಲ ಕ್ಷಣದಲ್ಲಿ ಉರಿಯುವಾಗಿನ ಹತ್ತುಪಟ್ಟು ಕರೆಂಟನ್ನು ಎಳೆಯುತ್ತದೆ. 10 ವ್ಯಾಟಿನ ಬಲ್ಬಿಗೆ ಉರಿಯುವಾಗ ಒಂದು ಆಂಪಿಯರಿಗೂ ಕಡಿಮೆ ಸಾಕು, ಹೊತ್ತುವಾಗ ಎಂಟು ಆಂಪಿಯರ್ ಮುಟ್ಟಬಹುದು. ಅಂಥ ಕಡೆ ಹೆಚ್ಚು ಕರೆಂಟ್ ತಾಳುವ ಮಾಸ್ಫೆಟ್ ಎಂಬ ಬಗೆಯ ಟ್ರಾನ್ಸಿಸ್ಟರ್ ಬೇಕಾಗುತ್ತದೆ. ಅದರಲ್ಲೂ 5 ವೋಲ್ಟಿಗೇ ಪೂರ್ತಿ ತೆರೆಯುವ ಐಆರ್‌ಎಲ್‌ಝಡ್ 44ರಂಥದು ಬೇಕು. ಅಂಗಡಿಯವರು ಮೊದಲು ಕೈಗೆ ಕೊಡುವ ಐಆರ್‌ಎಫ್ 540 ಪೂರ್ತಿ ತೆರೆಯಲು 10 ವೋಲ್ಟ್ ಕೇಳುತ್ತದೆ, 5 ವೋಲ್ಟಿನಲ್ಲಿ ಅರೆಬರೆ ತೆರೆದು ಬಿಸಿಯಾಗುತ್ತದೆ.

230 ವೋಲ್ಟಿನ ದೀಪಕ್ಕೆ ರಿಲೇಯೇ ಸರಿ. 5 ವೋಲ್ಟಿನ ಸಣ್ಣ ರಿಲೇಯ ಸುರುಳಿಗೆ ಸುಮಾರು 70 ಮಿಲಿಆಂಪಿಯರ್ ಬೇಕು, ಪಿನ್ನಿನ ಶಕ್ತಿಗಿಂತ ಮೂರುಪಟ್ಟು ಹೆಚ್ಚು, ಹಾಗಾಗಿ ಅಲ್ಲೂ ನಡುವೆ ಟ್ರಾನ್ಸಿಸ್ಟರ್ ಇರುತ್ತದೆ. ಸುರುಳಿಗೆ ಅಡ್ಡಲಾಗಿ ಒಂದು 1ಎನ್ 4007 ಡಯೋಡ್ ಇಲ್ಲದಿದ್ದರೆ ರಿಲೇ ಬಿಡುವ ಹೊತ್ತಿಗೆ ಹುಟ್ಟುವ ವೋಲ್ಟೇಜಿನ ಏಟಿಗೆ ಟ್ರಾನ್ಸಿಸ್ಟರ್ ಸಾಯುತ್ತದೆ. ರಿಲೇಯ ಟಕ್ ಸದ್ದು ಬೇಡವೆಂದು ಟ್ರಯಾಕ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಹಾಕಿದವರಿಗೆ ಬೇರೆ ತಾಪತ್ರಯ ಕಾದಿರುತ್ತದೆ. ಟ್ರಯಾಕ್ ಮುಚ್ಚಿದ್ದರೂ ಅದರ ಪಕ್ಕದ ಕೆಪಾಸಿಟರಿನ ಮೂಲಕ ಒಂದಷ್ಟು ಕರೆಂಟ್ ಸೋರುತ್ತದೆ. ಹಳೆಯ ಬಲ್ಬಿಗೆ ಅದು ಲೆಕ್ಕಕ್ಕಿರಲಿಲ್ಲ. ಈಗಿನ ಎಲ್‌ಇಡಿ ಇಂಡಿಕೇಟರ್ ಅಷ್ಟಕ್ಕೇ ಮಿಣಮಿಣ ಹೊಳೆಯುತ್ತದೆ, ಆರಿದ ದೀಪ ಉರಿದಂತೆ ಕಾಣುತ್ತದೆ.

ಚಿತ್ರದುರ್ಗದಂಥ ಕಡೆ, ಕರೆಂಟ್ ದಿನಕ್ಕೆ ಹಲವು ಸಲ ಹೋಗಿ ಬರುವಲ್ಲಿ, ಎಲ್ಲಕ್ಕಿಂತ ಎಚ್ಚರಿಕೆ ಬೇಕಾದ ಗಳಿಗೆ ಕರೆಂಟ್ ಮರಳಿ ಬಂದ ಮೊದಲ ಸೆಕೆಂಡು. ಆಗ ಕಂಟ್ರೋಲರಿಗೆ ಇನ್ನೂ ಪೂರ್ತಿ ಎಚ್ಚರವಾಗಿರುವುದಿಲ್ಲ. 8051ರ ಎಲ್ಲ ಪಿನ್ನುಗಳೂ ರೀಸೆಟ್ಟಿನಲ್ಲಿ ಒಂದರ ಸ್ಥಿತಿಗೆ ಏರುತ್ತವೆ. ಆರ್ಡ್ವಿನೊದ ಪಿನ್ನುಗಳು ಯಾವ ಕಡೆಗೂ ಇಲ್ಲದೆ ತೇಲುತ್ತವೆ. ಇಎಸ್‌ಪಿ 8266ರ ಕೆಲವು ಪಿನ್ನುಗಳು ಏಳುವಾಗಲೇ ಮಿಡಿಯುತ್ತವೆ. ಸೂಚಕ ದೀಪ ಒಮ್ಮೆ ಮಿಟುಕಿದರೆ ಯಾರಿಗೂ ನಷ್ಟವಿಲ್ಲ. ಅದೇ ಗಳಿಗೆಯಲ್ಲಿ ಪಕ್ಕದ ರಿಲೇ ಮಿಟುಕಿ, ಮೋಟಾರಿಗೆ ಕರೆಂಟ್ ಕೊಡುವ ಕಾಂಟ್ಯಾಕ್ಟರ್ ಹಿಡಿದರೆ ಮೋಟಾರಿಗೆ ಪೆಟ್ಟು. ಟ್ರಾನ್ಸಿಸ್ಟರಿನ ಬೇಸ್ ಅಥವಾ ಮಾಸ್ಫೆಟ್ಟಿನ ಗೇಟಿನಿಂದ ನೆಗೆಟಿವಿಗೆ 10 ಕಿಲೋಓಮಿನ ಒಂದು ರೆಸಿಸ್ಟರ್ ಕಟ್ಟಿದರೆ ತೇಲುವ ಪಿನ್ನಿನ ಸಮಸ್ಯೆ ತೀರುತ್ತದೆ. ಮೇಲೆ ಹೇಳಿದ 8051ರ ತಲೆಕೆಳಗಾದ ಪದ್ಧತಿಯ ಗುಣವೂ ಇಲ್ಲೇ ಕಾಣುವುದು: ಪಿನ್ ಒಂದಕ್ಕೆ ಏರಿದಾಗ ಅದರಲ್ಲಿ ದೀಪ ಆರಿಯೇ ಇರುತ್ತದೆ.

ಇಷ್ಟೆಲ್ಲ ಸರಿಯಾದ ಮೇಲೂ ಒಂದು ಮೂಲಭೂತ ಪ್ರಶ್ನೆ ಉಳಿಯುತ್ತದೆ. ದೀಪ ಯಾರ ಮಾತನ್ನು ಹೇಳುತ್ತಿದೆ? ಮನೆಯಲ್ಲಿ ಕಟ್ಟಿದ ಬಹುತೇಕ ಪೆಟ್ಟಿಗೆಗಳಲ್ಲಿ ಮೋಟಾರ್ ರಿಲೇಗೆ ಹೋಗುವ ಪಿನ್ನಿನಿಂದಲೇ 'ಮೋಟಾರ್ ಓಡುತ್ತಿದೆ' ಎಂಬ ಹಸಿರು ದೀಪವನ್ನೂ ಹೊತ್ತಿಸಿರುತ್ತಾರೆ. ಆ ದೀಪ ಹೇಳುವುದು ಕಂಟ್ರೋಲರ್ ಆಜ್ಞೆ ಕೊಟ್ಟಿದೆ ಎಂಬುದನ್ನು ಮಾತ್ರ. ಕಾಂಟ್ಯಾಕ್ಟರಿನ ಕಾಂಟ್ಯಾಕ್ಟುಗಳ ನಡುವೆ ಇರುವೆ ಸೇರಿ, ಹಲ್ಲಿ ಸಿಕ್ಕಿ ಸತ್ತು, ಮೋಟಾರ್ ಎದ್ದೇ ಇರುವುದಿಲ್ಲ. ದೀಪ ಮಾತ್ರ ಉರಿಯುತ್ತಿರುತ್ತದೆ. ಸ್ಟಾರ್ಟರ್ ಡಬ್ಬಿಯಲ್ಲಿ ಇರುವೆ, ಹಲ್ಲಿಗಳ ಕಾಟ ಕಾಣದ ತೋಟವಿಲ್ಲ. ದೀಪವನ್ನು ಕಾಂಟ್ಯಾಕ್ಟರಿನ ಸಹಾಯಕ ಕಾಂಟ್ಯಾಕ್ಟಿನಿಂದ ಹೊತ್ತಿಸಿದರೆ ಅದು ಒಂದು ಹೆಜ್ಜೆ ಸತ್ಯಕ್ಕೆ ಹತ್ತಿರ. ಮೋಟಾರಿನ ತಂತಿಗೆ ಕ್ಲಾಂಪಿನಂತೆ ಕಚ್ಚುವ ಕರೆಂಟ್ ಸೆನ್ಸರ್ ಹಾಕಿ, ಹರಿಯುವ ಕರೆಂಟನ್ನು ಅಳೆದು ಹೊತ್ತಿಸಿದ ದೀಪವೇ ನಿಜವಾದ ಸೂಚಕ. 5 ಎಚ್‌ಪಿ ಸಬ್‌ಮರ್ಸಿಬಲ್ ಮೋಟಾರ್ ನೀರೆತ್ತುವಾಗ ಒಂದು ಫೇಸಿಗೆ ಸುಮಾರು 8ರಿಂದ 10 ಆಂಪಿಯರ್ ತೆಗೆದುಕೊಳ್ಳುತ್ತದೆ, ನೀರಿಲ್ಲದೆ ಒಣಗಿ ತಿರುಗಿದಾಗ ಅದು ಇಳಿಯುತ್ತದೆ. ಒಂದೇ ಸೆನ್ಸರಿನಿಂದ ಓಟವೂ ಒಣ ಓಟವೂ ತಿಳಿಯುತ್ತವೆ.

ಆಜ್ಞೆಗೂ ಸ್ಥಿತಿಗೂ ಇರುವ ಈ ಅಂತರವನ್ನು ಅತ್ಯಂತ ಶ್ರದ್ಧೆಯಿಂದ ಗಮನದಲ್ಲಿಟ್ಟುಕೊಳ್ಳುವುದು ರೈಲ್ವೆ. ಭಾರತೀಯ ರೈಲ್ವೆಯ ಬಣ್ಣದ ದೀಪದ ಸಿಗ್ನಲುಗಳಲ್ಲಿ ದೀಪದ ಸಾಲಿನಲ್ಲೇ ಒಂದು ರಿಲೇ ಕೂತಿರುತ್ತದೆ. ದೀಪದ ಮೂಲಕ ಕರೆಂಟ್ ಹರಿದರೆ ಮಾತ್ರ ಅದು ಎತ್ತಿಕೊಳ್ಳುತ್ತದೆ; ದೀಪ ಸುಟ್ಟುಹೋದರೆ ಬಿದ್ದುಬಿಡುತ್ತದೆ. ಕೆಂಪು ದೀಪವೇ ಸುಟ್ಟಿದ್ದರೆ ಅದರ ಹಿಂದಿನ ಸಿಗ್ನಲ್ ಕೆಂಪಿಗೆ ತಿರುಗಿ ರೈಲನ್ನು ಅಲ್ಲೇ ತಡೆಯುವಂಥ ವ್ಯವಸ್ಥೆಯೂ ಇದೆ. ಆರಿದ ಕೆಂಪನ್ನು ಚಾಲಕ 'ದಾರಿ ಖಾಲಿ' ಎಂದು ತಿಳಿಯುವ ಅಪಾಯವನ್ನು ಒಂದು ಅಗ್ಗದ ರಿಲೇ ತಪ್ಪಿಸುತ್ತದೆ. ತೋಟದ ಡಬ್ಬಿಗೆ ಇಷ್ಟು ಬಿಗಿ ಬೇಡ. ಎಲ್ಲ ದೀಪಗಳನ್ನೂ ಎರಡು ಸೆಕೆಂಡು ಹೊತ್ತಿಸಿ ತೋರಿಸುವ ಒಂದು ಪರೀಕ್ಷಾ ಗುಂಡಿ ಮಾತ್ರ ಇರಲೇಬೇಕು.

ಕರ್ನಾಟಕದಲ್ಲೇ ತಯಾರಾಗಿ ಎಲ್ಲರೂ ಕೈಯಾರೆ ಮುಟ್ಟಿರುವ ಉದಾಹರಣೆಯೂ ಒಂದಿದೆ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸುವ ಮತಯಂತ್ರ ಸುಮಾರು 7.5 ವೋಲ್ಟಿನ ಬ್ಯಾಟರಿಯಲ್ಲಿ ನಡೆಯುತ್ತದೆ, ಅದಕ್ಕೆ ಮನೆ ಕರೆಂಟಿನ ಹಂಗಿಲ್ಲ. 2024ರ ಏಪ್ರಿಲ್ 26ರಂದು ಚಿತ್ರದುರ್ಗ ಲೋಕಸಭಾ ಕ್ಷೇತ್ರದಲ್ಲಿ ಮತ ಹಾಕಿದವರೆಲ್ಲ ಕಂಡ ದೀಪಗಳನ್ನು ನೆನೆಯಬಹುದು. ಮತದಾರನ ಮುಂದಿನ ಘಟಕದಲ್ಲಿ ಹಸಿರು ದೀಪ ಹೊತ್ತಿದರೆ ಯಂತ್ರ ಸಿದ್ಧ, ಅಧಿಕಾರಿಯ ಮುಂದಿನ ಘಟಕದಲ್ಲಿ ಕೆಂಪು ದೀಪ ಹೊತ್ತಿದರೆ ಮತದಾನ ನಡೆಯುತ್ತಿದೆ, ಗುಂಡಿ ಒತ್ತಿದಾಗ ಅಭ್ಯರ್ಥಿಯ ಹೆಸರಿನ ಪಕ್ಕ ಕೆಂಪು ದೀಪ, ಜೊತೆಗೆ ಬೀಪ್ ಸದ್ದು. ಅಕ್ಷರ ಬಾರದವರಿಗೂ ಯಂತ್ರದ ಸ್ಥಿತಿ ತಿಳಿಯುತ್ತದೆ. ದೀಪದ ಜೊತೆ ಸದ್ದನ್ನೂ ಕೂಡಿಸುವ ಈ ಕ್ರಮವನ್ನು ತೋಟದ ಯಂತ್ರ ಕಟ್ಟುವವರು ಅನುಸರಿಸಬೇಕು. ಹಿರಿಯೂರಿನ ಬೇಸಿಗೆಯ ನಡುಹಗಲಿನಲ್ಲಿ ನೇರ ಬಿಸಿಲು ಬಿದ್ದ ಎಲ್‌ಇಡಿ ಉರಿದಿದೆಯೋ ಇಲ್ಲವೋ ಹೇಳುವುದೇ ಕಷ್ಟ. ಒಂದು ತಗಡಿನ ಮುಂಚಾಚು, ಒಂದು ಬಜರ್ ಇದ್ದರೆ ಆ ಕಷ್ಟ ತಪ್ಪುತ್ತದೆ.

ಬಣ್ಣದ ವಿಷಯದಲ್ಲಿ ಬೋರ್ ಡಬ್ಬಿ ಒಂದು ಗೊಂದಲ ಹುಟ್ಟಿಸುತ್ತದೆ. ಯಂತ್ರಗಳ ವಿದ್ಯುತ್ ಸುರಕ್ಷತೆಯ ಅಂತರರಾಷ್ಟ್ರೀಯ ಮಾನಕ ಐಇಸಿ 60204ರ ಪ್ರಕಾರ ಕೆಂಪು ಅಪಾಯಕ್ಕೆ, ಹಳದಿ ಅಸಹಜ ಸ್ಥಿತಿಗೆ, ಹಸಿರು ಸಹಜಕ್ಕೆ. ನಮ್ಮ ಸ್ಟಾರ್ಟರುಗಳಲ್ಲಾದರೋ ಕೆಂಪು, ಹಳದಿ, ನೀಲಿ ಫೇಸುಗಳ ಗುರುತು. ಕೆಂಪು ಉರಿಯುವುದು ಒಳ್ಳೆಯ ಸುದ್ದಿ. ಆದ್ದರಿಂದ ಹೊಸದಾಗಿ ಸೇರಿಸುವ ಎಚ್ಚರಿಕೆಯ ದೀಪಗಳನ್ನು ಫೇಸ್ ದೀಪಗಳ ಸಾಲಿನಲ್ಲಿ ಕೂರಿಸದೆ ಕೆಳಗೆ ಬೇರೆ ಸಾಲಿನಲ್ಲಿಟ್ಟು, ಪಕ್ಕದಲ್ಲಿ ಕನ್ನಡದಲ್ಲಿ 'ನೀರಿಲ್ಲ', 'ತೊಟ್ಟಿ ತುಂಬಿದೆ' ಎಂದು ಬಣ್ಣದಲ್ಲಿ ಬರೆಸುವುದು ಒಳ್ಳೆಯದು. ಮಿನುಗುವ ದೀಪ ಸ್ಥಿರ ದೀಪಕ್ಕಿಂತ ಬೇಗ ಕಣ್ಣಿಗೆ ಬೀಳುತ್ತದೆ. ಚಿತ್ರದುರ್ಗದ ಜೋಗಿಮಟ್ಟಿಯ ಸುತ್ತಲ ಗುಡ್ಡಗಳ ಗಾಳಿಯಂತ್ರಗಳ ನೆತ್ತಿಯ ಮೇಲೆ ವಿಮಾನಗಳಿಗೆಂದು ಹಾಕಿದ ಕೆಂಪು ದೀಪಗಳು ರಾತ್ರಿ ಹೆದ್ದಾರಿಯಲ್ಲಿ ಹೋಗುವವರಿಗೂ ದೂರದಿಂದಲೇ ಕಾಣುತ್ತವೆ.

ದೂರದಲ್ಲಿರುವವರಿಗೆ ದೀಪದ ಸುದ್ದಿಯನ್ನು ಮುಟ್ಟಿಸುವ ಕೆಲಸವನ್ನು ಮೊಬೈಲ್ ಸ್ಟಾರ್ಟರ್ ಕೈಗೆತ್ತಿಕೊಂಡಿದೆ. ಪುಣೆಯ ಸಂತೋಷ್ ಓಸ್ತ್ವಾಲ್ ರೂಪಿಸಿದ ನ್ಯಾನೊ ಗಣೇಶ್, ಬೆಂಗಳೂರಿನ ವಿನ್‌ಫಿನೆಟ್ ಸಂಸ್ಥೆಯ ಕಿಸಾನ್ ರಾಜ ಈ ಬಗೆಯ ಹೆಸರಾಂತ ಸಾಧನಗಳು. ಊರಲ್ಲಿ ಕೂತು ಫೋನ್ ಮಾಡಿ ತೋಟದ ಮೋಟಾರ್ ಎಬ್ಬಿಸಬಹುದು, ಕರೆಂಟ್ ಇದೆಯೇ ಎಂದು ಕೇಳಬಹುದು. ಅಲ್ಲೂ ಆಜ್ಞೆಗಿಂತ ಉತ್ತರಕ್ಕೇ ಬೆಲೆ ಹೆಚ್ಚು: ಮೋಟಾರ್ ಹೊರಟಿತೇ ಇಲ್ಲವೇ ಎಂಬ ಮರುಸುದ್ದಿ ಇಲ್ಲದ ಸಾಧನವನ್ನು ನಂಬಿ ತೋಟ ಬಿಟ್ಟು ಇರಲಾಗದು.

ಕಲಿಯುವ ಅವಕಾಶಗಳು ಹಿಂದಿಗಿಂತ ಹೆಚ್ಚಿವೆ. 2016ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. 6ರಿಂದ 12ನೇ ತರಗತಿಯ ಮಕ್ಕಳು ಆರ್ಡ್ವಿನೊ ಹಿಡಿದು ಮೊದಲು ಮಾಡುವ ಪಾಠ ಎಲ್‌ಇಡಿ ಮಿಟುಕಿಸುವುದೇ. ಇಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1970ರ ದಶಕದಿಂದ ಹಣ ಕೊಡುತ್ತಿದೆ.

ಕೊನೆಗೆ, ಜೀವದ ಪ್ರಶ್ನೆಯಾದ ಒಂದು ವಿವರ. ತ್ರೀ ಫೇಸ್ ಮೋಟಾರ್ ಓಡುತ್ತಿರುವಾಗ ಟ್ರಾನ್ಸ್‌ಫಾರ್ಮರಿನ ಹತ್ತಿರ ಒಂದು ಫ್ಯೂಸ್ ಹೋದರೆ ಆ ಫೇಸಿನ ದೀಪ ಆರಲೇಬೇಕೆಂದಿಲ್ಲ. ತಿರುಗುತ್ತಿರುವ ಮೋಟಾರೇ ಕಡಿದುಹೋದ ಫೇಸಿಗೆ ವೋಲ್ಟೇಜ್ ಹಿಂದಕ್ಕೆ ಕಳಿಸುತ್ತದೆ, ದೀಪ ತುಸು ಮಂಕಾಗಿ ಉರಿಯುತ್ತಲೇ ಇರುತ್ತದೆ, ಉಳಿದೆರಡು ಫೇಸುಗಳ ಮೇಲೆ ಹೊರೆ ಬಿದ್ದು ವೈಂಡಿಂಗ್ ಸುಡುತ್ತದೆ. ದೀಪ ನೋಡಿ ಫೇಸ್ ಇದೆ ಎಂದು ನಂಬುವ ಬದಲು ಮೂರು ಫೇಸುಗಳ ಕರೆಂಟನ್ನೂ ಅಳೆಯುವ ಸಿಂಗಲ್ ಫೇಸ್ ಪ್ರಿವೆಂಟರ್ ಹಾಕಬೇಕು. ಇದಕ್ಕೆ ಎದುರಾದ ತಪ್ಪು ಇನ್ನೂ ಅಪಾಯಕಾರಿ: ದೀಪ ಆರಿದೆ, ಕರೆಂಟ್ ಹೋಗಿದೆ ಎಂದು ಡಬ್ಬಿಗೆ ಕೈ ಹಾಕುವುದು. ನ್ಯೂಟ್ರಲ್ ಕಿತ್ತುಹೋಗಿದ್ದರೂ, ದೀಪವೇ ಸುಟ್ಟಿದ್ದರೂ ಫೇಸಿನಲ್ಲಿ 230 ವೋಲ್ಟ್ ಇದ್ದೇ ಇರುತ್ತದೆ. ಆದ್ದರಿಂದ ಡಬ್ಬಿ ತೆರೆಯುವ ಮುನ್ನ ಮೇನ್ ಇಳಿಸಿ, ಉರಿಯುವುದು ಖಾತ್ರಿಯಿರುವ ಟೆಸ್ಟರಿನಿಂದ ಮೂರೂ ಫೇಸ್ ಮುಟ್ಟಿ ನೋಡಿ, ಅರ್ಥಿಂಗ್ ತಂತಿ ಗಟ್ಟಿಯಾಗಿದೆಯೇ ಪರೀಕ್ಷಿಸಿ, ಒದ್ದೆ ಕಾಲಿನಲ್ಲಿ ಹತ್ತಿರ ಹೋಗಬೇಡಿ. ಕಂಬದ ಫ್ಯೂಸಿಗೆ ಮಾತ್ರ ಯಾರೂ ಕೈ ಹಚ್ಚಬಾರದು. ಅದಕ್ಕೆ ಬೆಸ್ಕಾಂ ಸಹಾಯವಾಣಿ 1912ಕ್ಕೆ ಕರೆ ಮಾಡಿ ಲೈನ್‌ಮನ್ ಬರುವವರೆಗೆ ಕಾಯಬೇಕು.